ಅಕ್ವೇರಿಯಂ ನೀರು: ಯಾವ ಮೂಲ, ಯಾವ ಫಿಲ್ಟರ್, ವಾರಕ್ಕೆ ಎಷ್ಟು ಬದಲಾವಣೆ?

ಮೀನು ಸತ್ತ ಟ್ಯಾಂಕಿನ ನೀರು ಬಹಳ ಸಲ ತಿಳಿಯಾಗಿಯೇ ಇರುತ್ತದೆ. ಅಮೋನಿಯಕ್ಕೆ ಬಣ್ಣವಿಲ್ಲ, ನೈಟ್ರೈಟ್‌ಗೆ ವಾಸನೆಯಿಲ್ಲ, ಕ್ಲೋರಿನ್ ಕಿವಿರನ್ನು ಸುಡುವಷ್ಟಿದ್ದರೂ ಗಾಜಿನ ಈಚೆ ನಿಂತವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ‘ಯಾವ ಫಿಲ್ಟರ್ ತರಲಿ?’ ಎಂಬ ಪ್ರಶ್ನೆಯಿಂದ ಶುರು ಮಾಡಿದವರು ಸಾಮಾನ್ಯವಾಗಿ ದಾರಿ ತಪ್ಪುತ್ತಾರೆ. ಮೊದಲು ತಿಳಿಯಬೇಕಾದ್ದು ಮನೆಗೆ ಬರುವ ನೀರು ಎಂಥದ್ದು ಎಂಬುದು. ಆ ನೀರಿಗೆ ಹೊಂದುವ ಮೀನು ಯಾವುದೆಂದು ಆಮೇಲೆ; ಆ ಮೀನು ಮಾಡುವ ಹೊಲಸಿಗೆ ತಕ್ಕ ಫಿಲ್ಟರ್ ಅದರ ನಂತರ; ಫಿಲ್ಟರಿನಿಂದ ಆಗದ ಕೆಲಸಕ್ಕೆ ನೀರು ಬದಲಾವಣೆ. ಕೆಳಗಿನ ಹೋಲಿಕೆಗಳೂ ಇದೇ ಕ್ರಮದಲ್ಲಿವೆ. ಎಲ್ಲವೂ ಸಿಹಿನೀರಿನ ಟ್ಯಾಂಕಿಗೆ ಸಂಬಂಧಪಟ್ಟವು.

ಲೆಕ್ಕ ಶುರುವಾಗುವುದು ಆಹಾರದಿಂದ

ಪ್ರೋಟೀನಿನಲ್ಲಿ ಸುಮಾರು ಶೇ 16ರಷ್ಟು ಸಾರಜನಕ ಇರುತ್ತದೆ. ಶೇ 40 ಪ್ರೋಟೀನ್ ಇರುವ ಮೀನಿನ ಆಹಾರವನ್ನು 1 ಗ್ರಾಂ ಹಾಕಿದಿರಿ ಎಂದರೆ 64 ಮಿಲಿಗ್ರಾಂ ಸಾರಜನಕ ಟ್ಯಾಂಕಿಗೆ ಇಳಿಯಿತು. ಒಂದಷ್ಟು ಮೀನಿನ ಮೈಗೆ ಹತ್ತುತ್ತದೆ. ಉಳಿದದ್ದರಲ್ಲಿ ಬಹುಪಾಲು ಕಿವಿರಿನ ಮೂಲಕವೇ ಅಮೋನಿಯವಾಗಿ ಹೊರಬರುತ್ತದೆ. ತಿನ್ನದೆ ಬಿಟ್ಟ ಆಹಾರ, ಕೊಳೆತ ಎಲೆ, ಮೂಲೆಯಲ್ಲಿ ಸತ್ತುಬಿದ್ದ ಬಸವನಹುಳು ಎಲ್ಲದರ ಕೊನೆಯೂ ಅಮೋನಿಯವೇ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೋಸ್ಪೈರಾದಂಥ ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಎರಡೂ ಹಂತವನ್ನು ಒಂದೇ ಜೀವಿ ಮುಗಿಸಬಲ್ಲದು ಎಂದು 2015ರಲ್ಲಿ ವಿಜ್ಞಾನಿಗಳು ತೋರಿಸಿದರು. ಆ ಜೀವಿಯೂ ನೈಟ್ರೋಸ್ಪೈರಾ ಕುಲದ್ದೇ. ಈ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ತೇಲಾಡುತ್ತಿರುವುದಿಲ್ಲ. ಸ್ಪಂಜು, ಕಲ್ಲು, ಗಾಜು, ಎಲೆಯ ಮೇಲೆ ಅಂಟಿಕೊಂಡು ಬದುಕುತ್ತವೆ. ನೀರು ಚೆಲ್ಲಿದರೆ ಅವು ಹೋಗುವುದಿಲ್ಲ, ಸ್ಪಂಜು ಎಸೆದರೆ ಹೋಗುತ್ತವೆ.

ಗುರಿ ಸರಳ: ಅಮೋನಿಯ 0, ನೈಟ್ರೈಟ್ 0, ನೈಟ್ರೇಟ್ 40 ಪಿಪಿಎಂ ಒಳಗೆ, ಆದರೆ 20ರ ಒಳಗಿದ್ದರೆ ಇನ್ನೂ ಒಳ್ಳೆಯದು. (1 ಪಿಪಿಎಂ ಎಂದರೆ ಲೀಟರಿಗೆ 1 ಮಿಲಿಗ್ರಾಂ.)

ಅಮೋನಿಯ ಎಷ್ಟು ವಿಷ ಎಂಬುದು ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ; 7 ತಟಸ್ಥ, ಕೆಳಗೆ ಆಮ್ಲ, ಮೇಲೆ ಕ್ಷಾರ) ಮೇಲೆ ನಿಂತಿದೆ. ಪರೀಕ್ಷೆಯ ಕಿಟ್ ತೋರಿಸುವುದು ಒಟ್ಟು ಅಮೋನಿಯ. ಅದರಲ್ಲಿ ಕಿವಿರನ್ನು ಸುಡುವ ಭಾಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7 ಇದ್ದರೆ ಶೇ 0.6ರಷ್ಟೇ, 8 ಆದರೆ ಶೇ 5.4, 8.5ಕ್ಕೆ ಏರಿದರೆ ಶೇ 15. ಆ ಭಾಗ 0.02 ಪಿಪಿಎಂ ದಾಟಬಾರದು ಎಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಕಿಟ್ 1 ಪಿಪಿಎಂ ತೋರಿಸಿದಾಗ ಪಿಎಚ್ 7ರ ಟ್ಯಾಂಕಿನಲ್ಲಿ ಮೀನು ಒಂದೆರಡು ದಿನ ತಡೆದುಕೊಂಡೀತು, 8.5ರ ಟ್ಯಾಂಕಿನಲ್ಲಿ ಅದೇ ಅಂಕಿ ತುರ್ತುಸ್ಥಿತಿ. ಉಷ್ಣತೆ ಏರಿದರೂ ವಿಷದ ಪಾಲು ಏರುತ್ತದೆ.

ನೀರಿನ ಮೂಲ: ನಲ್ಲಿ, ಕೊಳವೆಬಾವಿ, ಆರ್‌ಒ, ಮಳೆ

ಯಾವುದನ್ನು ಆರಿಸಿಕೊಂಡರೂ ಮೊದಲು ಬಕೆಟ್ ಪರೀಕ್ಷೆ ಮಾಡಿ. ಒಂದು ಬಕೆಟ್ ನೀರು ಹಿಡಿದ ತಕ್ಷಣ ಪಿಎಚ್, ಕೆಎಚ್ (ಆಮ್ಲ ತಡೆಯುವ ಶಕ್ತಿ), ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಸಿಯಂನಿಂದ ಬರುವ ಗಡಸುತನ), ನೈಟ್ರೇಟ್ ಅಳೆದು ಬರೆದುಕೊಳ್ಳಿ. ಏರ್ ಸ್ಟೋನ್ ಹಾಕಿ 24 ಗಂಟೆ ಗಾಳಿ ಆಡಿಸಿ, ಪಿಎಚ್ ಮತ್ತೆ ಅಳೆಯಿರಿ. ಮೀನು ಬದುಕಬೇಕಾದ್ದು ಎರಡನೇ ಅಂಕಿಯಲ್ಲಿ.

ನಲ್ಲಿ ನೀರಿನ ದೊಡ್ಡ ಅನುಕೂಲ ಅದರ ಸ್ಥಿರತೆ. ದೊಡ್ಡ ಅಪಾಯ ಸೋಂಕು ತಡೆಯಲು ಹಾಕುವ ಕ್ಲೋರಿನ್ ಅಥವಾ ಕ್ಲೋರಮೈನ್. ಎರಡೂ ಕಿವಿರನ್ನು ಸುಡುತ್ತವೆ, ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತವೆ, ಆದರೆ ಪರಿಹಾರ ಒಂದೇ ಅಲ್ಲ. ಕ್ಲೋರಿನ್ ಅಗಲ ಬಾಯಿಯ ಪಾತ್ರೆಯಲ್ಲಿ ಗಾಳಿ ಆಡಿಸಿದರೆ ಒಂದು ದಿನದಲ್ಲಿ ಹಾರಿಹೋಗುತ್ತದೆ. ಕ್ಲೋರಮೈನ್ ಎಂದರೆ ಕ್ಲೋರಿನ್ ಮತ್ತು ಅಮೋನಿಯ ಜೋಡಿ. ಅದು ದಿನಗಟ್ಟಲೆ ಇಟ್ಟರೂ ಸುಲಭಕ್ಕೆ ಬಿಡುವುದಿಲ್ಲ. ನಿಮ್ಮದು ಯಾವುದೆಂದು ತಿಳಿಯಲು, 24 ಗಂಟೆ ಗಾಳಿ ಆಡಿಸಿದ ನೀರನ್ನು ಒಟ್ಟು ಕ್ಲೋರಿನ್ ಅಳೆಯುವ ಪರೀಕ್ಷಾ ಪಟ್ಟಿಯಿಂದ ನೋಡಿ. ಬಣ್ಣ ಇನ್ನೂ ಬಂದರೆ ಕ್ಲೋರಮೈನ್ ಎಂದೇ ತಿಳಿಯಿರಿ.

ಕ್ಲೋರಿನ್ ತೆಗೆಯುವ ದ್ರಾವಣಗಳಲ್ಲೂ ಎರಡು ಬಗೆ. ಸೋಡಿಯಂ ಥಯೋಸಲ್ಫೇಟ್ ಮಾತ್ರ ಇರುವುದು ಕ್ಲೋರಿನ್ ನೀರಿಗೆ ಸಾಕು, ಕೆಲಸ ನಿಮಿಷದೊಳಗೆ ಮುಗಿಯುತ್ತದೆ. ಕ್ಲೋರಮೈನ್ ನೀರಿಗೆ ಅದನ್ನೇ ಹಾಕಿದರೆ ಕ್ಲೋರಿನ್ ಹೋಗಿ, ಜೊತೆಗಿದ್ದ ಅಮೋನಿಯ ಬಿಡುಗಡೆಯಾಗುತ್ತದೆ. ಬ್ಯಾಕ್ಟೀರಿಯಾ ನೆಲೆಗೊಂಡ ಬಲಿತ ಫಿಲ್ಟರ್ ಆ ಅಲ್ಪ ಅಮೋನಿಯವನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತದೆ. ಹೊಸ ಟ್ಯಾಂಕಿಗೆ ಅಮೋನಿಯವನ್ನೂ ಹಿಡಿದಿಡುವ ಬಗೆಯ ದ್ರಾವಣವೇ ಬೇಕು. ಆ ಹಿಡಿತ ತಾತ್ಕಾಲಿಕ, ಒಂದೆರಡು ದಿನ ಮಾತ್ರ. ಅಷ್ಟರೊಳಗೆ ಬ್ಯಾಕ್ಟೀರಿಯಾ ಅದನ್ನು ಮುಗಿಸಬೇಕು. ಇನ್ನೊಂದು ಮಾತು: ಬಕೆಟ್ಟಿನಲ್ಲಿ ಹದ ಮಾಡಿ ಸುರಿಯುವುದಾದರೆ ಬಕೆಟ್ಟಿನ ಅಳತೆಗೆ ದ್ರಾವಣ ಹಾಕಿ. ಪೈಪಿನಿಂದ ನೇರ ಟ್ಯಾಂಕಿಗೇ ತುಂಬುವುದಾದರೆ ಟ್ಯಾಂಕಿನ ಪೂರ್ತಿ ಅಳತೆಗೆ, ಅದೂ ನಲ್ಲಿ ತಿರುಗಿಸುವ ಮುಂಚೆ.

ಕೊಳವೆಬಾವಿ ನೀರಿನಲ್ಲಿ ಕ್ಲೋರಿನ್ ಭಯವಿಲ್ಲ. ಆದರೆ ನೆಲದಾಳದಿಂದ ಬಂದದ್ದರಿಂದ ಆಮ್ಲಜನಕ ಕಡಿಮೆ, ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚು ಇರಬಹುದು. ಹಿಡಿದ ಕ್ಷಣದಲ್ಲಿ 7 ತೋರಿಸಿದ ಪಿಎಚ್ ಒಂದು ದಿನ ಗಾಳಿ ಆಡಿಸಿದ ಮೇಲೆ 8 ಮುಟ್ಟುವುದು ಇದರಿಂದಲೇ. ಹೀಗೆ ಏರುವ ನೀರನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಗಾಳಿ ಆಡಿಸಿ ಇಟ್ಟ ಮೇಲೆಯೇ ಬಳಸಿ. ಕಬ್ಬಿಣವಿದ್ದರೆ ಅದೇ ಹೊತ್ತಿನಲ್ಲಿ ಕಂದು ಗಸಿಯಾಗಿ ತಳ ಸೇರುತ್ತದೆ, ಮೇಲಿನ ತಿಳಿ ತೆಗೆದುಕೊಂಡರಾಯಿತು. ನೈಟ್ರೇಟ್ ಮಾತ್ರ ಮರೆಯದೆ ನೋಡಿ. ಮೂಲದಲ್ಲೇ 40 ಪಿಪಿಎಂ ಇದ್ದರೆ ಎಷ್ಟು ನೀರು ಬದಲಿಸಿದರೂ ಟ್ಯಾಂಕು 40ಕ್ಕಿಂತ ಕೆಳಗೆ ಇಳಿಯದು.

ಆರ್‌ಒ ನೀರು ಶುದ್ಧ ಎಂದು ಅದನ್ನೇ ತುಂಬುವವರಿದ್ದಾರೆ. ಇದು ತಪ್ಪು. ಅದರಲ್ಲಿ ಕೆಎಚ್ ಹೆಚ್ಚುಕಡಿಮೆ ಸೊನ್ನೆ. ಕೆಎಚ್ ಎಂದರೆ ಆಮ್ಲವನ್ನು ತಡೆದುಕೊಳ್ಳುವ ಕಾರ್ಬೊನೇಟ್ ಶಕ್ತಿ, ಮತ್ತು ಅಮೋನಿಯ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತಲೇ ಇರುತ್ತದೆ. ತಡೆ ಮುಗಿದ ದಿನ ಪಿಎಚ್ 6ರ ಕೆಳಗೆ ಜಾರುತ್ತದೆ, ಬ್ಯಾಕ್ಟೀರಿಯಾ ಮಂಕಾಗುತ್ತವೆ, ಅಮೋನಿಯ ಏರತೊಡಗುತ್ತದೆ. ಆರ್‌ಒ ಬೇಕಾಗುವುದು ಎರಡೇ ಕಡೆ: ಗಡಸು ನೀರನ್ನು ಮೆದು ಮಾಡಲು ಬೆರಕೆಯಾಗಿ, ಮತ್ತು ಆವಿಯಾದ ನೀರನ್ನು ತುಂಬಿಕೊಡಲು. ಬೆರಕೆಯ ಲೆಕ್ಕ ನೇರವಾಗಿದೆ. ಮೂಲದ ನೀರು 16 ಡಿಗ್ರಿ ಗಡಸು ಇದ್ದು ನಿಮಗೆ 8 ಬೇಕಾದರೆ ಸಮಸಮ. 4 ಬೇಕಾದರೆ ಒಂದು ಪಾಲು ಮೂಲಕ್ಕೆ ಮೂರು ಪಾಲು ಆರ್‌ಒ. (1 ಡಿಗ್ರಿ ಎಂದರೆ 17.9 ಪಿಪಿಎಂ.) ಪೂರ್ತಿ ಆರ್‌ಒ ಬಳಸಲೇಬೇಕಿದ್ದರೆ ಜಿಎಚ್ ಮತ್ತು ಕೆಎಚ್ ಎರಡನ್ನೂ ಏರಿಸುವ ಖನಿಜ ಲವಣ ಸೇರಿಸಿ. ಕೆಎಚ್ ಒಂದೇ ಸಾಲದಿದ್ದಲ್ಲಿ ಅಡುಗೆ ಸೋಡಾ ಆಗುತ್ತದೆ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ಒಂದು ದಿನಕ್ಕೆ 1 ಡಿಗ್ರಿಗಿಂತ ಹೆಚ್ಚು ಏರಿಸಬೇಡಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದನ್ನು ಹಾಕಬಾರದು.

ಮನೆಗೆ ಅಳವಡಿಸಿದ ವಾಟರ್ ಸಾಫ್ಟನರ್‌ನಿಂದ ಬರುವ ನೀರನ್ನು ಆರ್‌ಒ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುತ್ತದೆ. ಜಿಎಚ್ ಇಳಿದಂತೆ ಕಾಣುತ್ತದೆ, ಟಿಡಿಎಸ್ (ಕರಗಿದ ಲವಣಗಳ ಒಟ್ಟು ಪ್ರಮಾಣ) ಮತ್ತು ಕೆಎಚ್ ಇದ್ದಲ್ಲೇ ಇರುತ್ತವೆ. ಮೆದು ನೀರಿನ ಮೀನಿಗೂ ಅದು ಹಿತವಲ್ಲ, ಗಡಸು ನೀರಿನ ಮೀನಿಗೂ ಅಲ್ಲ. ಸಾಫ್ಟನರ್‌ಗೆ ಹೋಗುವ ಮುಂಚಿನ ಕವಲಿನಿಂದ ಹಿಡಿದುಕೊಳ್ಳಿ.

ಮಳೆನೀರು ಆರ್‌ಒ ಹಾಗೆಯೇ ಮೆದು, ನಿಯಮಗಳೂ ಅವೇ. ಮೊದಲ ಮಳೆಯ ನೀರು ಸೂರಿನ ಧೂಳು ತೊಳೆದು ತರುತ್ತದೆ, ಬಿಟ್ಟುಬಿಡಿ. ತಾಮ್ರ ಅಥವಾ ಸತುವಿನ ತಗಡಿನ ಮೇಲಿಂದ ಇಳಿದದ್ದು ಬೇಡ. ಸಿಗಡಿ, ಬಸವನಹುಳುಗಳಿಗೆ ತಾಮ್ರದ ಅಲ್ಪ ಅಂಶವೂ ಮಾರಕ.

ನೀರನ್ನು ಬದಲಿಸುವುದೋ, ಮೀನನ್ನೋ?

ನಮ್ಮ ಉತ್ತರ: ಮೀನನ್ನು. ಕೆಎಚ್ 8, ಪಿಎಚ್ 7.8 ಇರುವ ನೀರಿದ್ದರೆ ಗಪ್ಪಿ, ಮೋಲಿ, ಪ್ಲಾಟಿ, ಗೋಲ್ಡ್‌ಫಿಶ್ ಸುಖವಾಗಿರುತ್ತವೆ. ನೀರು ಇನ್ನೂ ಗಡಸಾಗಿ ಪಿಎಚ್ 8ರ ಮೇಲಿದ್ದರೆ ಮಲಾವಿ, ಟಾಂಗನೀಕಾ ಸರೋವರಗಳ ಸಿಕ್ಲಿಡ್‌ಗಳಿಗೆ ಅದು ತವರಿನ ನೀರು. ಕೆಎಚ್ 3-4ರ ಮೆದು ನೀರು ನಿಯಾನ್ ಟೆಟ್ರಾ, ರಾಸ್ಬೋರಾ, ಏಂಜಲ್ ಮೀನುಗಳಿಗೆ. ಗಡಸು ನೀರಿನಲ್ಲಿ ಡಿಸ್ಕಸ್ ಸಾಕಿಯೇ ತೀರುತ್ತೇನೆ ಎಂದರೆ ಪ್ರತಿ ವಾರ ಆರ್‌ಒ ಬೆರಸುವ ಕೆಲಸ ಮೈಮೇಲೆ ಬಂತು. ಒಂದು ವಾರ ತಪ್ಪಿದರೂ ಮೀನಿಗೆ ಏರಿಳಿತ.

ಪಿಎಚ್ ಇಳಿಸುವ ಬಾಟಲಿ ದ್ರಾವಣಗಳನ್ನು ನಾವು ಯಾರಿಗೂ ಹೇಳುವುದಿಲ್ಲ. ಗಡಸು ನೀರಿಗೆ ಆಮ್ಲ ಹಾಕಿದರೆ ಸಂಜೆಗೆ 6.8, ಕೆಎಚ್ ಅದನ್ನು ತಟಸ್ಥಗೊಳಿಸಿ ಬೆಳಗ್ಗೆಗೆ ಮತ್ತೆ 7.6. ಸ್ಥಿರವಾದ 7.8ಕ್ಕೆ ಮೀನು ಒಗ್ಗುತ್ತದೆ. ದಿನದಿನದ ಈ ಜಗ್ಗಾಟಕ್ಕೆ ಒಗ್ಗುವುದಿಲ್ಲ.

ಫಿಲ್ಟರ್: ನಾಲ್ಕು ಬಗೆಯಲ್ಲಿ ಯಾವುದು

ಟ್ಯಾಂಕಿನ ನಿಜವಾದ ಅಳತೆ ಮೊದಲು. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. 60 x 30 x 36ರ ಟ್ಯಾಂಕು 64.8 ಲೀಟರ್ ಅನ್ನಿಸುತ್ತದೆ. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ಉಳಿಯುವುದು 52-55 ಲೀಟರ್. ಔಷಧಿ, ಲವಣ, ಫಿಲ್ಟರ್ ಎಲ್ಲಕ್ಕೂ ಈ ಎರಡನೇ ಅಂಕಿಯನ್ನೇ ಹಿಡಿಯಿರಿ. ಗಂಟೆಗೆ ಟ್ಯಾಂಕಿನ ನೀರು 4ರಿಂದ 6 ಸಲ ಫಿಲ್ಟರ್ ಮೂಲಕ ಹಾಯ್ದರೆ ಹೆಚ್ಚಿನ ಮೀನಿಗೆ ಸರಿ. ಡಬ್ಬಿಯ ಮೇಲಿನ ಹರಿವಿನ ಅಂಕಿ ಸಾಮಾನ್ಯವಾಗಿ ಮೀಡಿಯಾ (ಒಳಗೆ ತುಂಬುವ ಸ್ಪಂಜು, ಸೆರಾಮಿಕ್ ಮುಂತಾದವು) ತುಂಬದೆ ಅಳೆದದ್ದು. ಸ್ಪಂಜು ತುಂಬಿ ಸ್ವಲ್ಪ ಕಟ್ಟಿಕೊಂಡ ಮೇಲೆ ಗಣನೀಯವಾಗಿ ಇಳಿಯುತ್ತದೆ, ಆದ್ದರಿಂದ ಒಂದು ಅಳತೆ ದೊಡ್ಡದೇ ಇರಲಿ.

ಸ್ಪಂಜ್ ಫಿಲ್ಟರ್ ಏರ್ ಪಂಪಿನಿಂದ ಓಡುತ್ತದೆ. ಗುಳ್ಳೆ ಕೊಳವೆಯಲ್ಲಿ ಮೇಲೇರುವಾಗ ಸ್ಪಂಜಿನ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮರಿ ಮೀನು, ಸಿಗಡಿ, ಬೆಟ್ಟಾ ಇರುವ ಕಡೆ ಇದಕ್ಕೆ ಸಾಟಿಯಿಲ್ಲ, ಏನನ್ನೂ ಒಳಗೆ ಸೆಳೆದು ಕೊಲ್ಲುವುದಿಲ್ಲ. 100 ಲೀಟರ್ ಒಳಗಿನ ಟ್ಯಾಂಕಿಗೆ ಇದೇ ಸಾಕು ಎನ್ನುವುದು ನಮ್ಮ ಅಭಿಪ್ರಾಯ. ನೀರು ಹೊಳೆಯುವಷ್ಟು ತಿಳಿಯಾಗದಿರಬಹುದು, ಅಮೋನಿಯ ತೆಗೆಯುವುದರಲ್ಲಿ ಹಿಂದೆ ಬೀಳುವುದಿಲ್ಲ. ಎರಡು ಎಚ್ಚರ: ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಏರ್ ಟ್ಯೂಬಿಗೆ ಚೆಕ್ ವಾಲ್ವ್ ಹಾಕಿ. ಕರೆಂಟು ಹೋದಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪನ್ನು ಹಾಳುಮಾಡುತ್ತದೆ, ನೆಲವನ್ನೂ ತೋಯಿಸುತ್ತದೆ. ಮತ್ತೆ, ಒಂದು ದೊಡ್ಡ ಸ್ಪಂಜಿನ ಬದಲು ಎರಡು ಚಿಕ್ಕವನ್ನು ಹಾಕಿ. ಒಂದನ್ನು ಈ ಸಲ, ಇನ್ನೊಂದನ್ನು ಎರಡು ವಾರ ಬಿಟ್ಟು ತೊಳೆದರೆ ಬ್ಯಾಕ್ಟೀರಿಯಾ ಒಟ್ಟಿಗೆ ಕಡಿಮೆಯಾಗುವುದಿಲ್ಲ.

ಹಿಂಬದಿಗೆ ತೂಗುಹಾಕುವ ಹ್ಯಾಂಗ್ ಆನ್ ಫಿಲ್ಟರ್ ಕಸ ಹಿಡಿಯುವುದರಲ್ಲಿ ಸ್ಪಂಜಿಗಿಂತ ಮುಂದು, ಶುಚಿ ಮಾಡುವುದೂ ಸುಲಭ. ತೊಂದರೆ ಅದರ ಕಾರ್ಟ್ರಿಜ್. ತಿಂಗಳಿಗೊಂದು ಬದಲಿಸಿ ಎಂದು ಅದರ ಮೇಲೆ ಬರೆದಿರುತ್ತದೆ. ಹಾಗೆ ಬದಲಿಸಿದರೆ ಬೆಳೆದ ಬ್ಯಾಕ್ಟೀರಿಯಾದ ಬಹುಪಾಲು ಕಸದ ಬುಟ್ಟಿ ಸೇರುತ್ತದೆ, ಅದೇ ವಾರದಲ್ಲಿ ಅಮೋನಿಯ ಕಾಣಿಸಿಕೊಳ್ಳುತ್ತದೆ. ಮೊದಲ ದಿನವೇ ಕಾರ್ಟ್ರಿಜ್ ತೆಗೆದು, ಆ ಜಾಗಕ್ಕೆ ಕತ್ತರಿಸಿದ ಸ್ಪಂಜು ಮತ್ತು ಒಂದು ಚಿಕ್ಕ ಬಲೆಚೀಲದಲ್ಲಿ ಸೆರಾಮಿಕ್ ರಿಂಗ್ ಇಡಿ. ಸ್ಪಂಜು ಹರಿದು ಪುಡಿಯಾಗುವವರೆಗೂ ಬಾಳುತ್ತದೆ. ಒಳಸೇದುವ ಕೊಳವೆಯ ಬಾಯಿಗೆ ಇನ್ನೊಂದು ಸ್ಪಂಜು ಸಿಕ್ಕಿಸಿದರೆ ಮರಿಗಳೂ ಸುರಕ್ಷಿತ. ಟ್ಯಾಂಕಿನ ಮಟ್ಟ ಇಳಿದಾಗ ಇದು ಗಾಳಿ ಎಳೆದು ನಿಂತುಹೋಗಬಹುದು. ಕರೆಂಟು ಹೋಗಿ ಬಂದಾಗ ನೀರು ಬೀಳುತ್ತಿದೆಯೇ ಎಂದು ಕಣ್ಣಾರೆ ನೋಡಬೇಕು.

ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಕ್ಯಾನಿಸ್ಟರ್ ಫಿಲ್ಟರ್ 150 ಲೀಟರ್ ಮೇಲಿನ ಟ್ಯಾಂಕಿಗೆ, ಗೋಲ್ಡ್‌ಫಿಶ್ ಮತ್ತು ದೊಡ್ಡ ಸಿಕ್ಲಿಡ್‌ನಂಥ ಹೊಲಸು ಹೆಚ್ಚು ಮಾಡುವ ಮೀನಿಗೆ. ನೀರು ಹರಿಯುವ ದಿಕ್ಕಿನಲ್ಲಿ ಮೊದಲು ಒರಟು ಸ್ಪಂಜು, ಆಮೇಲೆ ಸಣ್ಣ ರಂಧ್ರದ ಸ್ಪಂಜು, ನಂತರ ಸೆರಾಮಿಕ್, ಕೊನೆಗೆ ಬೇಕಿದ್ದರೆ ಹತ್ತಿಯಂಥ ಫ್ಲಾಸ್. ಸೆರಾಮಿಕ್ಕನ್ನು ಮೊದಲಿಟ್ಟರೆ ರಂಧ್ರಗಳಲ್ಲಿ ಕೆಸರು ಕೂತು ಅದರ ಉಪಯೋಗವೇ ಹೋಗುತ್ತದೆ. ಕಣ್ಣಿಗೆ ಬೀಳದ ಜಾಗದಲ್ಲಿರುವುದರಿಂದ ತಿಂಗಳುಗಟ್ಟಲೆ ತೊಳೆಯದೆ ಬಿಡುವವರೇ ಹೆಚ್ಚು. ಒಳಗೆ ಹಿಡಿದಿಟ್ಟ ಕಸ ನೀರಿನಿಂದ ಹೊರಗೆ ಹೋದಂತಲ್ಲ, ಅಲ್ಲೇ ಕೊಳೆತು ನೈಟ್ರೇಟ್ ಏರಿಸುತ್ತಿರುತ್ತದೆ. 4ರಿಂದ 8 ವಾರಕ್ಕೊಮ್ಮೆ ತೆರೆಯಿರಿ. ಮುಚ್ಚುವಾಗ ರಬ್ಬರ್ ರಿಂಗಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಸೋರಿಕೆ ಇರುವುದಿಲ್ಲ. ಕ್ಯಾನಿಸ್ಟರಿನ ನಿಜವಾದ ದೌರ್ಬಲ್ಯ ಕರೆಂಟು ಕೈಕೊಟ್ಟಾಗ. ಮುಚ್ಚಿದ ಡಬ್ಬಿಯೊಳಗಿನ ಆಮ್ಲಜನಕ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಬಹಳ ಹೊತ್ತು ನಿಂತದ್ದನ್ನು ಹಾಗೇ ಶುರು ಮಾಡಿದರೆ ಆ ಕೊಳೆತ ನೀರು ನೇರ ಮೀನಿನ ಮೇಲೆ. ಮೊದಲು ಒಳಗಿನ ನೀರು ಚೆಲ್ಲಿ, ಮೀಡಿಯಾ ಜಾಲಿಸಿ, ಆಮೇಲೆ ಸ್ವಿಚ್ ಹಾಕಿ. ಕರೆಂಟು ಪದೇ ಪದೇ ಹೋಗುವ ಕಡೆ ಕ್ಯಾನಿಸ್ಟರ್ ಜೊತೆಗೆ ಬ್ಯಾಟರಿ ಏರ್ ಪಂಪಿನ ಒಂದು ಸ್ಪಂಜ್ ಫಿಲ್ಟರ್ ಇರಲೇಬೇಕು.

ಜಲ್ಲಿಯಡಿಯ ಅಂಡರ್‌ಗ್ರಾವೆಲ್ ಫಿಲ್ಟರ್ ಹಳೆಯ ಬಗೆ, ಕೆಲಸವೇನೋ ಮಾಡುತ್ತದೆ. ಮರಳಿನ ತಳಕ್ಕೂ ಬೇರು ಬಿಡುವ ಗಿಡಕ್ಕೂ ಆಗದು, ತಟ್ಟೆಯಡಿ ಸೇರಿದ ಗಸಿ ತೆಗೆಯಲು ಟ್ಯಾಂಕನ್ನೇ ಬಿಚ್ಚಬೇಕು. ಹೊಸದಾಗಿ ಶುರು ಮಾಡುವವರಿಗೆ ಬೇಡ.

ಯಾವುದೇ ಮೀಡಿಯಾವನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ಕ್ಲೋರಿನ್ ಇರುವ ನಲ್ಲಿಯಡಿ ಹಿಡಿಯಬೇಡಿ. ನೀರು ಸರಾಗವಾಗಿ ಹಾಯುವಷ್ಟು ತೊಳೆದರೆ ಸಾಕು. ಸ್ಪಂಜು ಹೊಸದರಂತೆ ಕಾಣಬೇಕಿಲ್ಲ.

ಸೈಕಲ್ ಮಾಡುವ ಮೂರು ದಾರಿ

ಬ್ಯಾಕ್ಟೀರಿಯಾ ನೆಲೆಗೊಳ್ಳುವವರೆಗಿನ ಅವಧಿಗೆ ಸೈಕಲ್ ಎನ್ನುತ್ತಾರೆ. ಮೀನಿಲ್ಲದೆ ಮಾಡುವುದಾದರೆ ಅಮೋನಿಯಂ ಕ್ಲೋರೈಡ್ ಬೇಕು: 100 ಲೀಟರಿಗೆ 0.63 ಗ್ರಾಂ ಹಾಕಿದರೆ 2 ಪಿಪಿಎಂ ಅಮೋನಿಯ. 26-28 ಡಿಗ್ರಿ, ಪಿಎಚ್ 7ರ ಮೇಲೆ, ಫಿಲ್ಟರ್ ಹಗಲಿರುಳು ಓಡುತ್ತಿರಲಿ. ಅಮೋನಿಯ 0 ಮುಟ್ಟಿದಾಗಲೆಲ್ಲ ಮತ್ತೆ ಹಾಕಿ. ಹಾಕಿದ 2 ಪಿಪಿಎಂ 24 ಗಂಟೆಯಲ್ಲಿ ಅಮೋನಿಯ 0, ನೈಟ್ರೈಟ್ 0 ಆಗುವ ದಿನ ಸೈಕಲ್ ಮುಗಿಯಿತು. 4ರಿಂದ 6 ವಾರ ಹಿಡಿಯುತ್ತದೆ. ನೈಟ್ರೈಟ್ ಹಂತ ನಿಧಾನ, ಅಲ್ಲಿ ತಾಳ್ಮೆ ಕೆಡುತ್ತದೆ. ಮುಗಿದ ಮೇಲೆ ಹೆಚ್ಚಿನ ಪಾಲು ನೀರು ಬದಲಿಸಿ, ಅದೇ ದಿನ ಅಥವಾ ಮರುದಿನ ಮೀನು ಬಿಡಿ. ಅಮೋನಿಯವಿಲ್ಲದೆ ವಾರ ಬಿಟ್ಟರೆ ಬೆಳೆಸಿದ ಬ್ಯಾಕ್ಟೀರಿಯಾ ಸೊರಗುತ್ತವೆ.

ಎರಡನೆಯದು, ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು: ರೋಗವಿಲ್ಲದ ಬಲಿತ ಟ್ಯಾಂಕಿನಿಂದ ಸ್ಪಂಜು ಅಥವಾ ಸೆರಾಮಿಕ್ ತಂದು ಹೊಸ ಫಿಲ್ಟರಿಗೆ ಹಾಕುವುದು. ಒದ್ದೆಯಾಗಿಯೇ ತರಬೇಕು, ಒಣಗಬಾರದು. ಸಾಕಷ್ಟು ತಂದರೆ ಅದೇ ವಾರ ಕೆಲವು ಮೀನು ಬಿಡಬಹುದು. ಹಳೆಯ ಟ್ಯಾಂಕಿನ ನೀರು ತಂದು ಸುರಿಯುವುದರಿಂದ ಇದರ ಪ್ರಯೋಜನ ಸಿಗುವುದಿಲ್ಲ. ಬಾಟಲಿ ಬ್ಯಾಕ್ಟೀರಿಯಾ ಕೆಲವು ಸಲ ಕೆಲಸ ಮಾಡುತ್ತದೆ. ಬಿಸಿಲಲ್ಲಿ ಇದ್ದದ್ದು, ಅವಧಿ ಮೀರಿದ್ದು ಸತ್ತಿರುತ್ತದೆ. ಬಾಟಲಿ ಹಾಕಿದೆ ಎಂದು ಪರೀಕ್ಷೆ ಬಿಡಬೇಡಿ.

ಮೂರನೆಯದು ಮೀನಿಟ್ಟುಕೊಂಡೇ ಸೈಕಲ್. ಮೀನು ಆಗಲೇ ಬಂದುಬಿಟ್ಟಿದ್ದರೆ ಬೇರೆ ದಾರಿಯಿಲ್ಲ. ಆಹಾರ ದಿನ ಬಿಟ್ಟು ದಿನ, ಚಿಟಿಕೆಯಷ್ಟು. ದಿನವೂ ಪರೀಕ್ಷೆ, ಅಮೋನಿಯ ಅಥವಾ ನೈಟ್ರೈಟ್ 0.25 ದಾಟಿದರೆ ಶೇ 30-50 ನೀರು ಬದಲಿಸಿ. ನೈಟ್ರೈಟ್ ಏರಿದಾಗ 10 ಲೀಟರಿಗೆ 1 ಗ್ರಾಂ ಸಾದಾ ಉಪ್ಪು ಕರಗಿಸಿ ಹಾಕುವುದರಿಂದ ನಿಜಕ್ಕೂ ಉಪಕಾರವಿದೆ. ನೈಟ್ರೈಟ್ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದಂತೆ ಮಾಡುತ್ತದೆ, ಕಿವಿರು ಕಂದುಬಣ್ಣಕ್ಕೆ ತಿರುಗುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ಅದನ್ನು ತಡೆಯುತ್ತದೆ.

ಈ ವಾರಗಳಲ್ಲಿ ನೀರು ಹಾಲುಬಿಳುಪಾದರೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಹೆಚ್ಚಿವೆ ಎಂದರ್ಥ, ಗಾಳಿ ಹೆಚ್ಚಿಸಿ ಬಿಟ್ಟರೆ ತಾನೇ ತಿಳಿಯಾಗುತ್ತದೆ. ಹಸಿರಾದರೆ ಅದು ಪಾಚಿ. ಬೆಳಕು ದಿನಕ್ಕೆ 6-7 ಗಂಟೆಗೆ ಇಳಿಸಿ.

ಎಷ್ಟು ನೀರು, ಎಷ್ಟು ದಿನಕ್ಕೆ

ವಾರಕ್ಕೆ ಶೇ 10 ಸಾಕು ಎನ್ನುವವರೂ ಇದ್ದಾರೆ, ಶೇ 50 ಎನ್ನುವವರೂ ಇದ್ದಾರೆ. ವಾದ ಬೇಡ, ಲೆಕ್ಕ ಮಾಡಿ. 100 ಲೀಟರ್ ಟ್ಯಾಂಕಿಗೆ ದಿನಕ್ಕೆ 1 ಗ್ರಾಂ ಆಹಾರ ಹಾಕಿದರೆ, ಮೇಲೆ ಹೇಳಿದ 64 ಮಿಲಿಗ್ರಾಂ ಸಾರಜನಕವೆಲ್ಲ ನೈಟ್ರೇಟ್ ಆದಾಗ ದಿನಕ್ಕೆ ಸುಮಾರು 2.8 ಪಿಪಿಎಂ ಏರುತ್ತದೆ. ಮೀನಿನ ಮೈಗೆ ಹತ್ತಿದ್ದು, ಗಿಡ ಹೀರಿದ್ದು, ತಳದ ಕಸ ಹೀರುವ ಸೈಫನ್ನಿನಲ್ಲಿ ಹೋದದ್ದು ಕಳೆದು ವಾರಕ್ಕೆ 10 ಪಿಪಿಎಂ ಎಂದಿಟ್ಟುಕೊಳ್ಳಿ. ಮೂಲದ ನೀರಿನಲ್ಲಿ ನೈಟ್ರೇಟ್ ಇಲ್ಲ. ವಾರಕ್ಕೆ ಶೇ 10 ಬದಲಿಸಿದರೆ ಅದು ಏರುತ್ತಾ ಹೋಗಿ ನಿಲ್ಲುವುದು 100 ಪಿಪಿಎಂನಲ್ಲಿ. ಶೇ 25 ಆದರೆ 40ರಲ್ಲಿ, ಶೇ 50 ಆದರೆ 20ರಲ್ಲಿ. ವಾರದ ಏರಿಕೆಯನ್ನು ಬದಲಿಸುವ ಪಾಲಿನಿಂದ ಭಾಗಿಸಿದರೆ ನಿಮ್ಮ ಟ್ಯಾಂಕಿನ ಅಂಕಿ ಸಿಗುತ್ತದೆ. ವಾರದ ಏರಿಕೆ ತಿಳಿಯಲು ನೀರು ಬದಲಿಸಿದ ಮರುದಿನ ಮತ್ತು ಮುಂದಿನ ಬದಲಾವಣೆಗೆ ಮುಂಚೆ ಅಳೆದು ಕಳೆಯಿರಿ.

ಒಂದೇ ಸಲ ಶೇ 50 ತೆಗೆದರೆ ಹಳೆಯದರಲ್ಲಿ ಅರ್ಧ ಹೋಗುತ್ತದೆ. ಎರಡು ಸಲ ಶೇ 25 ತೆಗೆದರೆ ಹೋಗುವುದು ಶೇ 43.75. ನೀರು ಉಳಿಸಬೇಕಾದಲ್ಲಿ ಒಂದೇ ದೊಡ್ಡ ಬದಲಾವಣೆ ಮೇಲು. ಹೊಸ ನೀರು ಹಳೆಯದಕ್ಕಿಂತ ತುಂಬ ಭಿನ್ನವಾಗಿದ್ದಲ್ಲಿ, ಸಿಗಡಿಯಿದ್ದಲ್ಲಿ ಎರಡು ಚಿಕ್ಕ ಬದಲಾವಣೆಗಳು ಸುರಕ್ಷಿತ. ಉಷ್ಣತೆಯ ಅಂತರ 2 ಡಿಗ್ರಿ ದಾಟದಿರಲಿ.

ಕೆಎಚ್ ಕೂಡ ಇದೇ ಲೆಕ್ಕದ ಇನ್ನೊಂದು ಮುಖ. ಅದೇ 100 ಲೀಟರ್, ಅದೇ 1 ಗ್ರಾಂ ಆಹಾರದಲ್ಲಿ ವಾರಕ್ಕೆ 1ರಿಂದ 2 ಡಿಗ್ರಿ ಕೆಎಚ್ ಕರಗುತ್ತದೆ. ಮೂಲದ ನೀರು ಕೆಎಚ್ 3 ಇದ್ದರೆ ಎರಡು ವಾರ ನೀರು ಬದಲಿಸದೆ ಬಿಡುವ ಸೌಲಭ್ಯ ನಿಮಗಿಲ್ಲ.

ಆವಿಯಾದಷ್ಟು ತುಂಬಿಕೊಡುವುದು ಬದಲಾವಣೆಯಲ್ಲ. ನೀರು ಹಾರಿಹೋಗುತ್ತದೆ, ಖನಿಜ ಮತ್ತು ನೈಟ್ರೇಟ್ ಅಲ್ಲೇ ಉಳಿದು ಗಟ್ಟಿಯಾಗುತ್ತವೆ.

ಪಟ್ಟಿ, ಹನಿ, ಪೆನ್

ಪರೀಕ್ಷಾ ಪಟ್ಟಿ ಬೇಗ, ಸುಲಭ. ಆದರೆ ಬಹಳಷ್ಟು ಪಟ್ಟಿಗಳಲ್ಲಿ ಅಮೋನಿಯವೇ ಇರುವುದಿಲ್ಲ, ತೇವ ತಾಗಿದರೆ ಬಣ್ಣ ನಂಬಲಾಗದು. ಒದ್ದೆ ಕೈ ಡಬ್ಬಿಗೆ ಹಾಕಬೇಡಿ. ಹನಿ ಹಾಕುವ ದ್ರವ ಕಿಟ್ಟಿಗೆ ಐದು-ಹತ್ತು ನಿಮಿಷ ಬೇಕು, ನಂಬಿಕೆಗೆ ಅರ್ಹ. ನೈಟ್ರೇಟ್ ಕಿಟ್ಟಿನಲ್ಲಿ ಸಾಮಾನ್ಯ ತಪ್ಪೆಂದರೆ ಎರಡನೇ ಬಾಟಲಿಯನ್ನು ಕುಲುಕದೆ ಹಾಕುವುದು. ಅದರೊಳಗಿನ ಪುಡಿ ತಳದಲ್ಲಿ ಗಟ್ಟಿಯಾಗಿರುತ್ತದೆ. ಅರ್ಧ ನಿಮಿಷ ಜೋರಾಗಿ ಕುಲುಕದಿದ್ದರೆ 40 ಇದ್ದದ್ದು 5 ಎಂದು ತೋರುತ್ತದೆ. ಕೆಲವು ಕಿಟ್‌ಗಳು ನೈಟ್ರೇಟಿನ ಬದಲು ಅದರೊಳಗಿನ ಸಾರಜನಕವನ್ನಷ್ಟೇ ಹೇಳುತ್ತವೆ. ಆ ಅಂಕಿಯನ್ನು 4.4ರಿಂದ ಗುಣಿಸಬೇಕು.

ಟಿಡಿಎಸ್ ಪೆನ್ ಆರ್‌ಒ ಬೆರಕೆಗೆ ಒಳ್ಳೆಯದು, ಅಮೋನಿಯವನ್ನು ಅದು ಗುರುತಿಸಲಾರದು. ಪಿಎಚ್ ಪೆನ್ ಕೊಂಡರೆ 7.00ರ ಬಫರ್ (ಪಿಎಚ್ ಗೊತ್ತಿರುವ ದ್ರಾವಣ) ಮತ್ತು ಇನ್ನೊಂದು ಬಫರಿನಲ್ಲಿ ಆಗಾಗ ಸರಿಹೊಂದಿಸಬೇಕು, ತುದಿ ಒಣಗಬಾರದು. ಇಷ್ಟು ಮಾಡದವರಿಗೆ ಹನಿಯ ಕಿಟ್ಟೇ ಲೇಸು. ಕೊಳ್ಳುವುದಕ್ಕೆ ಆದ್ಯತೆ ಹೀಗಿರಲಿ: ಅಮೋನಿಯ, ನೈಟ್ರೇಟ್, ಕೆಎಚ್, ನೈಟ್ರೈಟ್. ಪಿಎಚ್ ಇವುಗಳ ನಂತರ.

ಜೊತೆಗೆ ಹಾಕುವ ವಸ್ತುಗಳು

ಆಕ್ಟಿವೇಟೆಡ್ ಕಾರ್ಬನ್ ಔಷಧಿಯ ಶೇಷ, ಹಳದಿ ಬಣ್ಣ, ವಾಸನೆ ತೆಗೆಯುತ್ತದೆ. ಅಮೋನಿಯ, ನೈಟ್ರೇಟ್ ತೆಗೆಯುವುದಿಲ್ಲ. ಔಷಧಿ ಹಾಕುವಾಗ ಹೊರಗಿಡಿ, ಉಳಿದಂತೆ ಸದಾ ಇರಬೇಕಿಲ್ಲ. ಜಿಯೋಲೈಟ್ ಅಮೋನಿಯವನ್ನು ಹಿಡಿಯುತ್ತದೆ, ತುರ್ತಿಗೆ ಒಳ್ಳೆಯದು. ಆದರೆ ಅದಿರುವಾಗ ಟ್ಯಾಂಕಿಗೆ ಉಪ್ಪು ಹಾಕಿದರೆ ಹಿಡಿದ ಅಮೋನಿಯವನ್ನೆಲ್ಲ ಮತ್ತೆ ನೀರಿಗೆ ಬಿಡುತ್ತದೆ. ಉಪ್ಪು, ಜಿಯೋಲೈಟ್ ಎಂದೂ ಒಟ್ಟಿಗೆ ಬೇಡ.

ಗಿಡಗಳು ಇವೆರಡಕ್ಕಿಂತ ಮೇಲು. ಹಾರ್ನ್‌ವರ್ಟ್‌ನಂಥ ಬೇಗ ಬೆಳೆಯುವ ಗಿಡ ಅಮೋನಿಯವನ್ನೇ ನೇರ ಹೀರುತ್ತದೆ. ಮನಿ ಪ್ಲಾಂಟಿನ ಬೇರು ಮಾತ್ರ ನೀರಿನಲ್ಲಿ, ಎಲೆ ಹೊರಗೆ ಇರುವಂತೆ ಅಂಚಿಗೆ ಸಿಕ್ಕಿಸಿದರೆ ನೈಟ್ರೇಟ್ ಇಳಿಯುವುದು ಕಿಟ್ಟಿನಲ್ಲೇ ಕಾಣುತ್ತದೆ. ಬೆಳೆದದ್ದನ್ನು ಕತ್ತರಿಸಿ ಹೊರಗೆ ಹಾಕಿದಾಗಲೇ ಸಾರಜನಕ ಟ್ಯಾಂಕಿನಿಂದ ಹೊರಹೋಯಿತು ಎಂದರ್ಥ. ಗಿಡ ಕೆಎಚ್ ತುಂಬಿಕೊಡುವುದಿಲ್ಲ, ಹಾಗಾಗಿ ನೀರು ಬದಲಾವಣೆ ತಪ್ಪುವುದಿಲ್ಲ.

ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕು ಕೈಗೆ ಬಂದರೆ

ಇಲ್ಲಿ ಒಂದೇ ಸಲ ಅರ್ಧ ನೀರು ಬದಲಿಸುವುದೋ, ಸ್ವಲ್ಪ ಸ್ವಲ್ಪವೋ ಎಂಬ ಆಯ್ಕೆ ಮೀನಿನ ಜೀವದ ಪ್ರಶ್ನೆ. ಅಂಥ ಟ್ಯಾಂಕಿನಲ್ಲಿ ಕೆಎಚ್ ಸೊನ್ನೆಗೆ ಹತ್ತಿರ, ಪಿಎಚ್ 6ರ ಆಸುಪಾಸು, ನೈಟ್ರೇಟ್ 100ರ ಮೇಲೆ ಇರಬಹುದು. ಬ್ಯಾಕ್ಟೀರಿಯಾ ಮಂಕಾಗಿ ಅಮೋನಿಯ 2-3 ಪಿಪಿಎಂ ಸೇರಿದ್ದರೂ ಪಿಎಚ್ ಕೆಳಗಿರುವುದರಿಂದ ಅದು ವಿಷವಾಗದ ರೂಪದಲ್ಲಿ ಕೂತಿರುತ್ತದೆ, ಮೀನು ಓಡಾಡಿಕೊಂಡಿರುತ್ತದೆ. ಪಿಎಚ್ 8ರ ನೀರು ಅರ್ಧ ಸುರಿದರೆ ಅದೇ ಅಮೋನಿಯ ಕ್ಷಣದಲ್ಲಿ ವಿಷದ ರೂಪಕ್ಕೆ ತಿರುಗುತ್ತದೆ. ಶುಚಿ ಮಾಡಿದ ಮರುದಿನವೇ ಮೀನು ಸಾಯುವುದಕ್ಕೆ ಬಹಳ ಕಡೆ ಇದೇ ಕಾರಣ.

ಮೊದಲು ಅಮೋನಿಯ, ಪಿಎಚ್, ಕೆಎಚ್ ಅಳೆಯಿರಿ. ಅಮೋನಿಯ ಇದ್ದರೆ ಅದನ್ನು ಹಿಡಿದಿಡುವ ದ್ರಾವಣವನ್ನು ಪೂರ್ತಿ ಟ್ಯಾಂಕಿನ ಅಳತೆಗೆ ಹಾಕಿ, ಗಾಳಿ ಹೆಚ್ಚಿಸಿ. ಆಮೇಲೆ ದಿನಕ್ಕೆ ಶೇ 10ರಂತೆ ನೀರು ಬದಲಿಸುತ್ತಾ ಹೋಗಿ. ಹದ ಮಾಡಿದ ನೀರನ್ನು ಏರ್ ಟ್ಯೂಬಿನಿಂದ ಅರ್ಧ ಗಂಟೆ ಹಿಡಿಯುವಂತೆ ನಿಧಾನವಾಗಿ ಬಿಡಿ. ದ್ರಾವಣದ ಹಿಡಿತ ಒಂದೆರಡು ದಿನದ್ದೇ, ಹಾಗಾಗಿ ಅಮೋನಿಯ 0 ಆಗುವವರೆಗೆ ಅಷ್ಟಷ್ಟು ದಿನಕ್ಕೊಮ್ಮೆ ಮತ್ತೆ ಹಾಕಬೇಕಾಗುತ್ತದೆ. ತಳದ ಜಲ್ಲಿಯನ್ನು ದಿನಕ್ಕೆ ಕಾಲು ಭಾಗದಂತೆ ಸೈಫನ್ ಮಾಡಿ, ಒಮ್ಮೆಗೇ ಕದಡಬೇಡಿ. ಫಿಲ್ಟರನ್ನು ಮೊದಲ ವಾರ ಮುಟ್ಟಬೇಡಿ. ಅಡುಗೆ ಸೋಡಾ ಹಾಕಿ ಪಿಎಚ್ ಎತ್ತುವ ಆತುರವೂ ಬೇಡ, ಅಮೋನಿಯ 0 ಆಗುವವರೆಗೆ ಆ ಏರಿಕೆಯೇ ಶತ್ರು. ಎರಡು ವಾರದ ಹೊತ್ತಿಗೆ ಕೆಎಚ್ ಮೇಲೆ ಬಂದು ಬ್ಯಾಕ್ಟೀರಿಯಾ ಚೇತರಿಸಿಕೊಳ್ಳುತ್ತವೆ. ಟ್ಯಾಂಕಿನ ಕೆಎಚ್‌ಗೂ ಮೂಲದ ನೀರಿನ ಕೆಎಚ್‌ಗೂ 1 ಡಿಗ್ರಿಗಿಂತ ಹೆಚ್ಚು ಅಂತರ ಉಳಿದಿರುವವರೆಗೆ ಹೊಸ ಮೀನು ತರಬೇಡಿ.